ಪ್ರೆಗ್ನೆನ್ಸಿ ಬೆಲ್ಟ್: ಆಸರೆ ಚೆನ್ನ, ವೆಲ್ಕ್ರೋ ಕಾಟ

ಬಸುರಿನ ಐದನೇ ತಿಂಗಳಲ್ಲಿ ಕೊಂಡ, ಹೊಟ್ಟೆಯನ್ನು ಅಡಿಯಿಂದ ಎತ್ತಿ ಹಿಡಿಯುವ ಬೆಲ್ಟ್ ಇದು. ಹೆರಿಗೆ ರಜೆ ಹಾಕುವ ತನಕ ಇದನ್ನು ಕಟ್ಟಿಕೊಂಡೇ ದಾವಣಗೆರೆಯ ನಮ್ಮ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಇದು ಕೊಟ್ಟ ಆಸರೆಯನ್ನು ಮರೆಯುವುದಿಲ್ಲ. ಆದರೆ ಇದರ ವೆಲ್ಕ್ರೋ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಬೆಲ್ಟ್ ಕೊಂಡದ್ದು ಕೆಳಹೊಟ್ಟೆಯ ನೋವಿಗೆ. ಆ ನೋವು ಯಾವ ತರಹದ್ದು ಅಂತ ಮೊದಲು ಹೇಳಿಬಿಡುತ್ತೇನೆ. ಎಲ್ಲ ಹೊಟ್ಟೆನೋವಿಗೂ ಬೆಲ್ಟ್ ಮದ್ದಲ್ಲ. ನಾನು ಬೋರ್ಡಿನ ಮೇಲೆ ಬರೆಯುತ್ತಿರುವಾಗ ಮಕ್ಕಳು ಯಾರಾದರೂ 'ಮಿಸ್' ಅಂತ ಕೂಗಿದರೆ ಥಟ್ಟನೆ ತಿರುಗುತ್ತಿದ್ದೆ. ಆಗ ಬಲಗಡೆ ಕೆಳಹೊಟ್ಟೆಯಲ್ಲಿ ಚಳಕು ಹೊಡೆದು ತೊಡೆಸಂದಿಗೆ ಇಳಿಯುತ್ತಿತ್ತು. ಕೆಲವು ಸೆಕೆಂಡು ಅಷ್ಟೇ. ಮೇಜು ಹಿಡಿದು ನಿಂತರೆ ಹೋಗುತ್ತಿತ್ತು. ಸೀನಿದರೂ ಅದೇ, ಕೆಮ್ಮಿದರೂ ಅದೇ, ರಾತ್ರಿ ಮಗ್ಗುಲು ಬದಲಿಸಿದರೂ ಅದೇ. ತುಂಬಾ ಹೆದರಿದ್ದೆ.

ನಮ್ಮ ಡಾಕ್ಟರ್ ಮೂತ್ರ ಪರೀಕ್ಷೆ ಮಾಡಿಸಿದರು. ಹೊಟ್ಟೆ ಮುಟ್ಟಿ ನೋಡಿದರು. ಆಮೇಲೆ ಇದು ರೌಂಡ್ ಲಿಗಮೆಂಟ್ ನೋವು ಅಂದರು. ಗರ್ಭಕೋಶದ ಎರಡೂ ಬದಿಯಿಂದ ಒಂದೊಂದು ಲಿಗಮೆಂಟ್, ಅಂದರೆ ಹಗ್ಗದಂಥ ಉದ್ದನೆಯ ಕಟ್ಟು, ಹೊರಟು ತೊಡೆಸಂದಿನ ಮೂಲಕ ಕೆಳಗಿಳಿಯುತ್ತದೆ. ಗರ್ಭಕೋಶ ಬೆಳೆದ ಹಾಗೆ ಇವೂ ಹಿಗ್ಗುತ್ತವೆ. ಹಾಗೆ ಹಿಗ್ಗಿ ನಿಂತಿರುವಾಗ ಮೈ ಥಟ್ಟನೆ ತಿರುಗಿದರೆ ಎಳೆತ ಇನ್ನೂ ಜಾಸ್ತಿಯಾಗಿ ಚಳಕು ಬರುತ್ತದೆ. ಬೆಳೆಯುವ ಗರ್ಭಕೋಶ ಸಾಮಾನ್ಯವಾಗಿ ಸ್ವಲ್ಪ ಬಲಕ್ಕೆ ತಿರುಗಿಕೊಳ್ಳುತ್ತದಂತೆ, ಬಲಗಡೆ ಹೆಚ್ಚು ನೋಯುವುದು ಅದಕ್ಕೇ. 14ನೇ ವಾರದಿಂದ 27ನೇ ವಾರದ ಒಳಗೆ ಇದು ಜಾಸ್ತಿ ಕಾಣಿಸುತ್ತದೆ. ಮಗುವಿಗೆ ಇದರಿಂದ ತೊಂದರೆ ಇಲ್ಲ. ಈ ಕೊನೆಯ ಮಾತು ಕೇಳಿದ ಮೇಲೇ ನನಗೆ ಸಮಾಧಾನ ಆಗಿದ್ದು. ದಿನವಿಡೀ ನಿಂತಿರುವ ಕೆಲಸ ಅಂತ ಹೇಳಿದ್ದಕ್ಕೆ ಬೆಲ್ಟ್ ಬರೆದುಕೊಟ್ಟರು.

ನಾನು ಕೊಂಡಾಗ ಬೆಲೆ 800 ರೂಪಾಯಿ ಚಿಲ್ಲರೆ ಇತ್ತು. ನಮ್ಮ ಮನೆ ಖರ್ಚಿನಲ್ಲಿ ಅದು ಸಣ್ಣ ಮೊತ್ತ ಅಲ್ಲ. ಎಲಾಸ್ಟಿಕ್ ಎಷ್ಟು ಅಗಲ, ಬೆನ್ನಿಗೆ ಎಷ್ಟು ಪಟ್ಟಿ ಎಂಬುದೆಲ್ಲ ಡಬ್ಬದ ಮೇಲೇ ಇದೆ. ಅಳತೆ ಮಾತ್ರ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಸುತ್ತ ತೆಗೆಸಿ. ಸೀರೆ ಕಟ್ಟುವ ಜಾಗದ ಅಳತೆ ಕೊಟ್ಟರೆ ಸೈಜ್ ತಪ್ಪುತ್ತದೆ.

ಬೆಳಿಗ್ಗೆ ಇದನ್ನು ಕಟ್ಟಿಕೊಳ್ಳುವ ಹೊತ್ತು ನನಗೆ ಬಹಳ ಇಷ್ಟವಾಗಿತ್ತು. ಮೊದಲು ತೆಳು ಕಾಟನ್ ಶಿಮ್ಮೀಸ್. ಬೆಲ್ಟಿನ ಅಗಲದ ಭಾಗ ಬೆನ್ನಿನ ಕೆಳಗೆ, ಸೊಂಟದ ಮೇಲೆ ಕೂರಬೇಕು. ಎಡಗೈಯಿಂದ ಹೊಟ್ಟೆಯನ್ನು ಮೆಲ್ಲಗೆ ಮೇಲೆತ್ತಿ ಹಿಡಿಯಬೇಕು. ಬಲಗೈಯಿಂದ ಎರಡೂ ತುದಿ ಹೊಟ್ಟೆಯ ಅಡಿಯಿಂದ ತಂದು ಅಂಟಿಸಬೇಕು. ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಹೋಗದಿದ್ದರೆ ಬಿಗಿ ಜಾಸ್ತಿಯಾಗಿದೆ ಅಂತ. ಕೈ ಬಿಟ್ಟ ತಕ್ಷಣ, ತುಂಬಿದ ಕೊಡವನ್ನು ಯಾರೋ ಕೆಳಗಿನಿಂದ ಹಿಡಿದುಕೊಂಡ ಹಾಗೆ ಭಾರ ಇಳಿಯುತ್ತದೆ. ಮೊದಲ ವಾರವೇ ವ್ಯತ್ಯಾಸ ಗೊತ್ತಾಯಿತು. ಬಸ್ ಸ್ಟಾಪಿನಿಂದ ಶಾಲೆಗೆ ನಡೆಯುವಾಗ ಚಳಕು ಕಡಿಮೆಯಾಯಿತು. ಎರಡು ಪೀರಿಯಡ್ ಒಟ್ಟಿಗೆ ನಿಂತು ಪಾಠ ಮಾಡಲು ಆಯಿತು.

ನಮ್ಮ ಅತ್ತೆಗೆ ಮಾತ್ರ ಇದು ಸರಿ ಬರಲಿಲ್ಲ. 'ಬಾಣಂತಿಗೆ ಹೊಟ್ಟೆ ಕಟ್ಟೋದು ಕೇಳಿದ್ದೀನಿ, ಬಸುರಿಗೆ ಯಾರಾದ್ರೂ ಕಟ್ತಾರೇನಮ್ಮ? ಕೂಸಿಗೆ ಬಿಗಿಯಾಗಲ್ವಾ?' ಅಂದರು. ಅವರ ಭಯ ನ್ಯಾಯವಾದದ್ದೇ. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋದೆ. ಹೊಟ್ಟೆಯನ್ನು ಅಮುಕಬಾರದು, ಅಡಿಯಿಂದ ಎತ್ತಬೇಕು, ಒಂದೇ ಸಮ ಎರಡು ಮೂರು ಗಂಟೆಗಿಂತ ಹೆಚ್ಚು ಬೇಡ, ಮಲಗುವಾಗ ಬೇಡವೇ ಬೇಡ ಎಂದು ಡಾಕ್ಟರ್ ಅತ್ತೆಯ ಎದುರೇ ಕಟ್ಟಿ ತೋರಿಸಿದರು. ಅಂದಿನಿಂದ ಬೆಳಿಗ್ಗೆ ಎರಡು ಬೆರಳು ಹಾಕಿ ನೋಡುವ ಕೆಲಸ ಅತ್ತೆಯದೇ ಆಯಿತು.

ಈಗ ವೆಲ್ಕ್ರೋ ವಿಷಯಕ್ಕೆ ಬರುತ್ತೇನೆ.

ಬಸುರಿಯರಿಗೆ ಗಂಟೆಗೊಂದು ಸಲ ಮೂತ್ರಕ್ಕೆ ಹೋಗಬೇಕಾಗುತ್ತದೆ. ಪ್ರತಿ ಸಲವೂ ಈ ಬೆಲ್ಟ್ ಬಿಚ್ಚಬೇಕು. ಬಿಚ್ಚಿದಾಗ ಬರುವ 'ಪರ್‍ರ್' ಸದ್ದು ನಮ್ಮ ಶಾಲೆಯ ಟಾಯ್ಲೆಟ್ಟಿನಿಂದ ಸ್ಟಾಫ್ ರೂಮಿಗೆ ಕೇಳುತ್ತದೆ. ಅಲ್ಲಿ ಗಂಡು ಮೇಷ್ಟ್ರುಗಳೂ ಕೂತಿರುತ್ತಾರೆ. ಆ ಮುಜುಗರಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡೋಣ ಅನ್ನಿಸುತ್ತದೆ, ಬಸುರಿಯರು ಮಾಡಲೇಬಾರದ ಕೆಲಸ ಅದು. ಗರ್ಭಿಣಿಯರಿಗೆಂದೇ ವಸ್ತು ಮಾಡುವವರಿಗೆ ಇದು ತಿಳಿದಿರಬೇಕಿತ್ತು ಅಲ್ವಾ?

ಅಂಟಿಸುವಾಗ ಒಂದು ಅಂಚು ಸ್ವಲ್ಪ ಹೊರಗುಳಿದರೂ ಸಾಕು, ಸೀರೆಯ ಎಳೆ ಕಿತ್ತು ಬರುತ್ತದೆ. ನನ್ನ ಎರಡು ಒಳ್ಳೆಯ ಸೀರೆಗಳ ಒಳಸೆರಗು ಹಾಳಾಯಿತು. ವೆಲ್ಕ್ರೋ ಒಳಗೆ ದಾರ, ಕೂದಲು, ಸೀಮೆಸುಣ್ಣದ ಧೂಳು ಎಲ್ಲ ಸೇರಿಕೊಂಡು ಹಿಡಿತ ಸಡಿಲವಾಗುತ್ತದೆ. ಭಾನುವಾರ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಉಳಿದದ್ದನ್ನು ಪಿನ್ನಿನಿಂದ ಎತ್ತಿ ತೆಗೆಯುತ್ತಿದ್ದೆ. ಒಗೆಯುವ ಮೊದಲು ವೆಲ್ಕ್ರೋ ಮುಚ್ಚಿಡಬೇಕು, ಕೈಯಲ್ಲೇ ಒಗೆಯಬೇಕು, ನೆರಳಲ್ಲಿ ಒಣಗಿಸಬೇಕು. ಇಷ್ಟು ಮಾಡಿದರೂ ಏಳನೇ ತಿಂಗಳಿಗೆ ಅದು ನಡೆಯುವಾಗಲೇ ಬಿಟ್ಟುಕೊಳ್ಳತೊಡಗಿತು. ಅಂಗಡಿಗೆ ತೆಗೆದುಕೊಂಡು ಹೋದರೆ 'ಬಳಸಿದ್ದನ್ನು ವಾಪಸ್ ತಗೊಳ್ಳಲ್ಲ ಮೇಡಂ' ಅಂದರು. ಹೆರಿಗೆಗೆ ಇನ್ನೂ ತಿಂಗಳುಗಳಿವೆ, ಬೆಲ್ಟ್ ಆಗಲೇ ಸೋತಿದೆ. ಆ ದಿನ ನನಗೆ ಅಳುವೇ ಬಂತು.

ಬೆಲ್ಟ್ ಉಳಿಸಿದ್ದು ನಮ್ಮ ಬೀದಿಯ ಟೈಲರಮ್ಮ. ವೆಲ್ಕ್ರೋ ಬಿಚ್ಚಿ ತೆಗೆದು, ಆ ಜಾಗಕ್ಕೆ ದಪ್ಪ ಬಟ್ಟೆ ಕೊಟ್ಟು, ಪ್ಯಾಂಟಿಗೆ ಹಾಕುವ ಚಪ್ಪಟೆ ಹುಕ್‌ಗಳನ್ನು ಹೊಲಿದರು. ಹೊಟ್ಟೆ ಬೆಳೆದ ಹಾಗೆ ಸಡಿಲ ಮಾಡಿಕೊಳ್ಳಲು ಮೂರು ಸಾಲು ಕೊಂಡಿ ಇಟ್ಟರು. ಮೈಗೆ ಒತ್ತದಂತೆ ಒಳಗಡೆ ಹಳೆಯ ಪಂಚೆಯ ಬಟ್ಟೆ ಮಡಚಿ ಇಟ್ಟರು. ಲಂಗದ ಲಾಡಿ ತೆಗೆದು ಅಗಲ ಎಲಾಸ್ಟಿಕ್ಕನ್ನೂ ಅವರೇ ಹಾಕಿಕೊಟ್ಟರು. ಸದ್ದಿಲ್ಲ, ಸೀರೆ ಹರಿಯುವುದಿಲ್ಲ, ಧೂಳು ಹಿಡಿಯುವುದಿಲ್ಲ. ಎಲ್ಲ ಸೇರಿ 100 ರೂಪಾಯಿಯೊಳಗೆ ಮುಗಿಯಿತು. ಆಮೇಲೆ ಬೆಲ್ಟ್ ಮೇಲೆ ಮತ್ತೆ ಪ್ರೀತಿ ಬಂತು.

ಆದರೂ ಕೂತಾಗ ಇದು ಮೇಲೆ ಸರಿಯುತ್ತದೆ. ಮೇಲಿನ ಅಂಚು ಹೊಟ್ಟೆಗೆ ಒತ್ತುತ್ತದೆ. ಕುಬುಸದ ದಿನ ರೇಷ್ಮೆ ಸೀರೆಯ ಒಳಗೆ ಕಟ್ಟಿಕೊಂಡು ಕೂತಿದ್ದೆ, ಆರತಿ ಮುಗಿಯುವ ಹೊತ್ತಿಗೆ ಸಾಕಾಗಿ ಒಳಗೆ ಹೋಗಿ ತೆಗೆದಿಟ್ಟೆ. ದಿನವೆಲ್ಲ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಇದಕ್ಕೆ ದುಡ್ಡು ಹಾಕಬೇಡಿ. ನಿಲ್ಲುವವರಿಗೆ, ನಡೆಯುವವರಿಗೆ ಸರಿ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರು ಕಡಿತವೂ ಇದೆ. ಪಾಠ ಇಲ್ಲದ ಪೀರಿಯಡ್‌ನಲ್ಲಿ ಬಿಚ್ಚಿ ಗಾಳಿ ಆಡಲು ಬಿಡುತ್ತಿದ್ದೆ.

ರಾತ್ರಿಯ ನೋವಿಗೆ ಬೆಲ್ಟ್ ಉಪಯೋಗವಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ಮನೆಯಲ್ಲೇ ಇದ್ದ ದಿಂಬು. ಎಡಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ಒಂದು, ಹೊಟ್ಟೆಯ ಅಡಿಗೆ ತೆಳುವಾದದ್ದು ಇನ್ನೊಂದು. ಹೊರಳುವಾಗ ಎರಡು ಮಂಡಿಯನ್ನೂ ಜೋಡಿಸಿ, ಭುಜ ಸೊಂಟ ಒಟ್ಟಿಗೆ ನಿಧಾನವಾಗಿ ತಿರುಗಿಸಬೇಕು. ಸೀನು ಬರುವ ಸೂಚನೆ ಸಿಕ್ಕ ಕೂಡಲೇ ಮಂಡಿ ಮಡಚಿ ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಬೇಕು. ಆಗ ಎಳೆತ ಕಡಿಮೆ. ಇದನ್ನು ಹೇಳಿಕೊಟ್ಟ ನರ್ಸಮ್ಮನಿಗೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಉಗುರುಬೆಚ್ಚಗಿನ ಶಾಖ ಸ್ವಲ್ಪ ಹೊತ್ತು ಕೊಡಬಹುದು, ಬಿಸಿ ಜಾಸ್ತಿ ಬೇಡ. ಮನೆಯಲ್ಲಿ ಬಿದ್ದಿರುವ ನೋವಿನ ಮಾತ್ರೆ ಸುಮ್ನೆ ನುಂಗಬೇಡಿ. ಐಬುಪ್ರೊಫೆನ್ ಥರದ ಮಾತ್ರೆಗಳು 20ನೇ ವಾರದ ನಂತರ ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದು, ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು ಕಡಿಮೆಯಾಗಬಹುದು. ಪ್ಯಾರಾಸಿಟಮಾಲ್ ಆದರೂ ಕೇಳಿಯೇ ತೆಗೆದುಕೊಳ್ಳಿ.

ಸೆಕೆಂಡುಗಳಲ್ಲಿ ಹೋಗದೆ ನಿಂತುಬಿಡುವ ನೋವು, ಬಿಟ್ಟು ಬಿಟ್ಟು ಲೆಕ್ಕಕ್ಕೆ ಸರಿಯಾಗಿ ಬರುವ ನೋವು, ಜ್ವರ, ರಕ್ತ, ನೀರು ಹೋಗುವುದು, ಉರಿಮೂತ್ರ ಇದ್ದರೆ ಬೆಲ್ಟ್ ಕಟ್ಟಿಕೊಂಡು ಕಾಯಬೇಡಿ. ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗಿ.

ಹೆರಿಗೆ ಆದ ಮೇಲೆ ಬಾಣಂತಿ ಬೆಲ್ಟ್ ಆಗಿಯೂ ಇದೇ ನಡೆಯುತ್ತದೆ ಎಂದು ಅಂಗಡಿಯಲ್ಲಿ ಹೇಳಿದ್ದರು. ಡಾಕ್ಟರನ್ನು ಕೇಳದೆ ಹಾಗೆ ಬಳಸಬೇಡಿ. ಸಿಸೇರಿಯನ್ ಆಗಿದ್ದರೆ ಇದರ ಕೆಳಗಿನ ಅಂಚು ಬಂದು ಕೂರುವುದು ಹೊಲಿಗೆಯ ಮೇಲೇ.