ಒಂದೇ ಪುಟ, ನಾಲ್ಕು ಪರದೆ: ‘ಸಲ್ಲಿಸಿ’ ಹೋಗಿ ‘ಸಲಿಸಿ’ ಆದದ್ದು

ವೆಬ್ ಪುಟ ಮಾಡಿಕೊಟ್ಟ ಎರಡನೇ ದಿನ ಒಂದು ಸ್ಕ್ರೀನ್‌ಶಾಟ್ ಬಂತು. ಜೊತೆಗೆ ಒಂದೇ ಸಾಲು: ‘ಬಟನ್ ಮೇಲೆ ಅರ್ಜಿ ಸಲಿಸಿ ಅಂತ ಯಾಕೆ ಹಾಕಿದ್ದೀರಿ?’ ನಾನು ಬರೆದಿದ್ದು ‘ಅರ್ಜಿ ಸಲ್ಲಿಸಿ’. ನನ್ನ ಮ್ಯಾಕ್‌ನಲ್ಲಿ ಸರಿಯಾಗಿಯೇ ಕಾಣುತ್ತಿತ್ತು. ಅವರ ವಿಂಡೋಸ್‌ನಲ್ಲಿ ಮಾತ್ರ ‘ಲ್ಲಿ’ಯ ಒತ್ತು ಬಟನ್ನಿನ ಕೆಳಗಂಚಿನಲ್ಲಿ ಕತ್ತರಿಸಿಹೋಗಿತ್ತು. ತಪ್ಪು ನನ್ನದೇ. ಎತ್ತರ 32 ಪಿಕ್ಸೆಲ್ ಅಂತ ಗಟ್ಟಿ ಮಾಡಿ, ಹೊರಗೆ ಚಾಚಿದ್ದು ಕಾಣಬಾರದು ಅಂತಲೂ ಬರೆದಿದ್ದೆ. ಇಂಗ್ಲಿಷಿಗೆ ಅಷ್ಟು ಜಾಗ ಸಾಕು. ಒತ್ತು ಇರುವ ಲಿಪಿಗೆ ಸಾಲದು.

ಇನ್ನೊಮ್ಮೆ ಹೀಗಾಗಬಾರದು ಅಂತ ಕೂತು ಒಂದು ಪರೀಕ್ಷೆಯ ಪುಟ ಮಾಡಿದೆ. ಅದರಲ್ಲಿ ಬೇಕೆಂದೇ ತೊಡಕಿನ ಪದಗಳನ್ನು ಹಾಕಿದೆ: ರಾಷ್ಟ್ರ, ಜ್ಯೋತ್ಸ್ನಾ, ಸಾಫ್ಟ್‌ವೇರ್, ರ‍್ಯಾಂಕ್. ‘ದಧ ಡಢ ಬಭ’ ಅಂತ ಒಂದು ಸಾಲು, ಬೇರೆ ಬೇರೆ ಅಳತೆಯಲ್ಲಿ. ಒಂದು ದಪ್ಪಕ್ಷರದ ತಲೆಬರಹ, ಒಂದು ಉದ್ದ ಪ್ಯಾರಾ, ಆ ಹಾಳು ಬಟನ್. ವಿಂಡೋಸ್ 11, ಮ್ಯಾಕ್, ಉಬುಂಟು (ಲಿನಕ್ಸ್‌ನ ಒಂದು ರೂಪ), ಆಂಡ್ರಾಯ್ಡ್ ಫೋನ್ ನಾಲ್ಕರಲ್ಲೂ ತೆರೆದು ಅಕ್ಕಪಕ್ಕ ಇಟ್ಟು ನೋಡಿದೆ.

ಮೊದಲ ಸುತ್ತಿನಲ್ಲಿ ಫಾಂಟ್ ಹೆಸರನ್ನೇ ಹೇಳಲಿಲ್ಲ. ಸುಮ್ನೆ ‘ಸಾನ್ಸ್ ಸೆರಿಫ್’ ಅಂತ ಫಾಂಟಿನ ಜಾತಿ ಮಾತ್ರ ಹೇಳಿ ಬಿಟ್ಟೆ. ಆಗ ಯಾವ ಫಾಂಟ್ ಕೊಡಬೇಕು ಅನ್ನೋದನ್ನು ಆಯಾ ಸಿಸ್ಟಮ್ ತೀರ್ಮಾನಿಸುತ್ತದೆ. ವಿಂಡೋಸ್ ಕೊಡುವುದು ನಿರ್ಮಲಾ ಯುಐ. ಇದು ವಿಂಡೋಸ್ 8ರ ಜೊತೆ 2012ರಲ್ಲಿ ಬಂತು. ಅದಕ್ಕೂ ಮೊದಲು ತುಂಗಾ ಇತ್ತು. ಅದರ ಅಕ್ಷರ ಪುಟಾಣಿ, ಸಾಲುಗಳ ನಡುವೆ ಮಾತ್ರ ಬೇಕಾದಷ್ಟು ಜಾಗ. ಮ್ಯಾಕ್‌ನಲ್ಲಿ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಇವೆ, ಈಗ ನೋಟೋ ಸಾನ್ಸ್ ಕನ್ನಡವೂ ಇದೆ. ಆಂಡ್ರಾಯ್ಡ್‌ನಲ್ಲಿ ನೋಟೋ. ಲಿನಕ್ಸ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು, ನೋಟೋ, ಯಾವುದು ಹಾಕಿಕೊಂಡಿದ್ದೀರೋ ಅದು. ಹೆಸರು ಕೇಳಿದರೆ ಹಕ್ಕಿಗಳ ಗೂಡಿಗೆ ಬಂದ ಹಾಗಿದೆ, ಆದರೆ ಯಾವ ಹಕ್ಕಿ ಹೊರಗೆ ಬರುತ್ತದೆ ಅನ್ನೋದು ಅಲ್ಲಿ ಫಾಂಟ್ ಆರಿಸುವ ಫಾಂಟ್‌ಕಾನ್ಫಿಗ್‌ನ ಕೈಯಲ್ಲಿದೆ.

ನನಗೆ ಆಶ್ಚರ್ಯ ಆದದ್ದು ಇಲ್ಲೇ. ಪುಟ ಬೇರೆಬೇರೆ ಥರ ಕಾಣೋದಕ್ಕೆ ಅಕ್ಷರದ ಅಂಚನ್ನು ನಯ ಮಾಡುವ ವಿಧಾನ ಕಾರಣ ಅಂದುಕೊಂಡಿದ್ದೆ. ಅದರ ಪಾಲು ಕಡಿಮೆ. ಜಾಸ್ತಿ ಪಾಲು ಫಾಂಟಿನ ಎತ್ತರದ್ದು. ಸಾಲಿನ ಎತ್ತರವನ್ನು ನೀವು ಹೇಳದಿದ್ದರೆ ಬ್ರೌಸರ್ ಅದನ್ನು ಫಾಂಟಿನೊಳಗಿನ ಅಂಕಿಗಳಿಂದ ತೆಗೆದುಕೊಳ್ಳುತ್ತದೆ. ಇಂಥ ಅಂಕಿಗಳು ಒಂದೇ ಫಾಂಟಿನಲ್ಲಿ ಎರಡು ಮೂರು ಜೊತೆ ಇರುತ್ತವೆ. ಮ್ಯಾಕ್ ಒಂದು ಜೊತೆ ಓದುತ್ತದೆ, ವಿಂಡೋಸ್ ಇನ್ನೊಂದು. ಫಾಂಟ್ ಮಾಡಿದವರು ಎರಡನ್ನೂ ಹೊಂದಿಸದೇ ಬಿಟ್ಟಿದ್ದರೆ ಅದೇ ಫಾಂಟ್ ಒಂದು ಕಡೆ ಮೇಲೆ ಕೂರುತ್ತದೆ, ಇನ್ನೊಂದು ಕಡೆ ಜಾರುತ್ತದೆ. ಜಾರಿದ ಕಡೆ ಮೊದಲು ಏಟು ತಿನ್ನೋದು ಒತ್ತು.

ಒತ್ತು ಕೂರುವ ಜಾಗವೂ ಫಾಂಟಿನಿಂದ ಫಾಂಟಿಗೆ ಬೇರೆ. ‘ಜ್ಯೋತ್ಸ್ನಾ’ದಲ್ಲಿ ತ ಅಕ್ಷರಕ್ಕೆ ಎರಡು ಒತ್ತು. ಕೆಲವು ಫಾಂಟು ಎರಡನೆಯದನ್ನು ಪಕ್ಕಕ್ಕೆ ಇಡುತ್ತವೆ, ಕೆಲವು ಕೆಳಕ್ಕೆ ಇಳಿಸುತ್ತವೆ. ಕೆಳಗೆ ಇಳಿಸಿದರೆ ಮುಂದಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಅಕ್ಷರ ಜೋಡಿಸುವ ಕೆಲಸದಲ್ಲಿ ಮಾತ್ರ ಈಗ ಅಷ್ಟು ಜಗಳ ಇಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಬಹುತೇಕ ಕಡೆ ಆ ಕೆಲಸಕ್ಕೆ ಹಾರ್ಫ್‌ಬಜ್ ಅನ್ನೋ ತಂತ್ರಾಂಶ ಬಳಸುತ್ತವೆ, ಸಫಾರಿ ಆಪಲ್‌ನದೇ ಕೋರ್ ಟೆಕ್ಸ್ಟ್ ಬಳಸುತ್ತದೆ. ನಾನು ನೋಡಿದ ನಾಲ್ಕರಲ್ಲೂ ‘ರ‍್ಯಾಂಕ್’ ಸರಿಯಾಗಿ ಬಂತು, ಎಲ್ಲೂ ಅರ್ಕಾವೊತ್ತಾಗಿ ತಿರುಗಲಿಲ್ಲ. ‘ಸಾಫ್ಟ್‌ವೇರ್’ ಪುಟದ ಒಂದು ಜಾಗದಲ್ಲಿ ‘ಸಾಫ್ಟ್ವೇರ್’ ಆಗಿತ್ತು. ಅದು ಸಿಸ್ಟಮ್ಮಿನ ತಪ್ಪಲ್ಲ, ನಡುವೆ ಇರಬೇಕಾದ ಕಾಣದ ಅಕ್ಷರವನ್ನು ನಾನೇ ಹಾಕಿರಲಿಲ್ಲ.

ಎರಡನೇ ಸುತ್ತಿನಲ್ಲಿ ನಾಲ್ಕಕ್ಕೂ ಒಂದೇ ವೆಬ್‌ಫಾಂಟ್, ಅಂದರೆ ಪುಟದ ಜೊತೆಗೇ ಇಳಿದು ಬರುವ ಫಾಂಟ್, ಕಟ್ಟಿದೆ. ಅನೆಕ್ ಕನ್ನಡ. ಈಗ ಅಕ್ಷರದ ಆಕಾರ ಒಂದೇ, ಸಾಲು ಮುರಿಯುವ ಜಾಗವೂ ಹೆಚ್ಚುಕಡಿಮೆ ಒಂದೇ. ಉಳಿದ ವ್ಯತ್ಯಾಸ ಪೂರ್ತಿ ಬಣ್ಣ ಬಳಿಯುವ ರೀತಿಯದು.

‘ದಧ’ ಸಾಲನ್ನು 13 ಪಿಕ್ಸೆಲ್‌ನಲ್ಲಿ ಇಟ್ಟು ನೋಡಿ. ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಬುಡದಲ್ಲಿರುವ ಒಂದು ಚಿಕ್ಕ ಸೀಳು. ಆ ಅಳತೆಯಲ್ಲಿ ಅದಕ್ಕೆ ಸಿಗೋದು ಒಂದು ಪಿಕ್ಸೆಲ್, ಅದೂ ಪುಣ್ಯವಿದ್ದರೆ. ಸಾಮಾನ್ಯ 1080 ಸಾಲಿನ ಮಾನಿಟರ್‌ನಲ್ಲಿ ವಿಂಡೋಸ್ ಆ ಸೀಳನ್ನು ಚೆನ್ನಾಗಿ ಉಳಿಸಿಕೊಂಡಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಕ್ಲಿಯರ್‌ಟೈಪ್, ಪ್ರತಿ ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಬಳಸಿ ಅಡ್ಡಕ್ಕೆ ಹೆಚ್ಚು ವಿವರ ತರುತ್ತದೆ. ಆದರೆ ಆಗ ಅದು ಉದ್ದಕ್ಕೆ ನಯ ಮಾಡುತ್ತಿರಲಿಲ್ಲ. ನೆಟ್ಟಗೆ ನಿಂತ ಗೆರೆಗಳ ಇಂಗ್ಲಿಷಿಗೆ ಅದು ಹೊಂದುತ್ತಿತ್ತು. ಕನ್ನಡದ ಗುಂಡು ಅಕ್ಷರದ ನೆತ್ತಿ ಮತ್ತು ಬುಡ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. 2009ರ ವಿಂಡೋಸ್ 7ರಲ್ಲಿ ಅಕ್ಷರ ಬಿಡಿಸುವ ಹೊಸ ವ್ಯವಸ್ಥೆ ಡೈರೆಕ್ಟ್‌ರೈಟ್ ಬಂದು ಉದ್ದಕ್ಕೂ ನಯ ಮಾಡತೊಡಗಿದ ಮೇಲೆ ಆ ಮೆಟ್ಟಿಲು ಕರಗಿತು. ಈಗಲೂ ಹತ್ತಿರ ಹೋಗಿ ನೋಡಿದರೆ ಅಂಚಿನಲ್ಲಿ ಕೆಂಪು ನೀಲಿ ಛಾಯೆ ಕಾಣುತ್ತದೆ. ಒಮ್ಮೆ ಕಂಡರೆ ಮತ್ತೆ ಕಾಣದಿರೋದು ಕಷ್ಟ.

ಮ್ಯಾಕ್‌ನ ನಂಬಿಕೆಯೇ ಬೇರೆ. ಅಕ್ಷರವನ್ನು ಪಿಕ್ಸೆಲ್ ಚೌಕಕ್ಕೆ ಹೊಂದಿಸಲು ಅದು ಎಳೆಯುವುದಿಲ್ಲ, ಬರೆದ ಆಕಾರ ಹೇಗಿದೆಯೋ ಹಾಗೇ ಇಡುತ್ತದೆ, ಸ್ವಲ್ಪ ದಪ್ಪವೂ ಮಾಡುತ್ತದೆ. 2018ರಲ್ಲಿ ಬಂದ ಮೊಹಾವೆ ಆವೃತ್ತಿಯಿಂದ ಬಣ್ಣದ ಪಟ್ಟಿಗಳ ಉಪಾಯವನ್ನೂ ಬಿಟ್ಟು ಬರೀ ಬೂದು ಛಾಯೆಗೆ ಇಳಿದಿದೆ. ಆಪಲ್‌ನ ಒತ್ತಾದ ಪಿಕ್ಸೆಲ್ಲಿನ ರೆಟಿನಾ ಪರದೆಯಲ್ಲಿ ಇದಕ್ಕಿಂತ ಚಂದದ ಕನ್ನಡ ನಾನು ನೋಡಿಲ್ಲ. ಅದೇ ಮ್ಯಾಕ್‌ಗೆ ಆ 1080 ಮಾನಿಟರ್ ಸಿಕ್ಕಿಸಿದೆ ನೋಡಿ, 13 ಪಿಕ್ಸೆಲ್‌ನ ಧ ಮತ್ತು ಢ ಎರಡೂ ಮಂಜಿನಲ್ಲಿ ನಿಂತ ಹಾಗಾದವು. ಅಕ್ಷರ ದಪ್ಪ ಕಾಣುತ್ತದೆ ಅಂತ ವಿನ್ಯಾಸಕಾರರು ಸೇರಿಸುವ ‘ಫಾಂಟ್ ಸ್ಮೂದಿಂಗ್’ ಸಾಲು ಇದೆಯಲ್ಲ, ಅದು ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ. ನನ್ನ ಪುಟದಲ್ಲೂ ಇತ್ತು. ತೆಗೆದು ಹಾಕಿದೆ. ತೆಳ್ಳಗಾದ ಕನ್ನಡ ಬೂದು ಹಿನ್ನೆಲೆಯಲ್ಲಿ ಓದೋಕೆ ಆಗಲ್ಲ.

ಉಬುಂಟುವನ್ನು ಒಂದೇ ಮಾತಿನಲ್ಲಿ ಅಳೆಯೋಕಾಗಲ್ಲ, ಯಾಕೆಂದರೆ ಅಲ್ಲಿ ಅಕ್ಷರ ಬಿಡಿಸುವ ಫ್ರೀಟೈಪ್‌ನಲ್ಲಿ ಎಲ್ಲ ನಿಮ್ಮ ಕೈಯಲ್ಲೇ ಇದೆ. ಹಿಂಟಿಂಗನ್ನು (ಅಕ್ಷರವನ್ನು ಪಿಕ್ಸೆಲ್ ಚೌಕಕ್ಕೆ ಹೊಂದಿಸೋದನ್ನು) ‘ಫುಲ್’ ಮಾಡಿದರೆ ಅಕ್ಷರ ಸೆಟೆದುಕೊಳ್ಳುತ್ತದೆ. ‘ಸ್ಲೈಟ್’ ಇಟ್ಟರೆ ಎತ್ತರದ ಕಡೆ ಮಾತ್ರ ಸರಿಪಡಿಸಿ ಅಗಲವನ್ನು ಮುಟ್ಟದೇ ಬಿಡುತ್ತದೆ. ನನಗೆ ಕನ್ನಡಕ್ಕೆ ಇದೇ ಹಿಡಿಸಿತು, ಬಹುತೇಕ ವಿಂಡೋಸ್‌ನಷ್ಟೇ ಸ್ಪಷ್ಟ. ಮೊದಲ ಸುತ್ತಿನಲ್ಲಿ ಮಾತ್ರ ತಲೆಬರಹ ಕೆಟ್ಟಿತ್ತು. ಲೋಹಿತ್‌ನಲ್ಲಿ ದಪ್ಪಕ್ಷರದ ಫೈಲ್ ಇಲ್ಲ, ಹಾಗಾಗಿ ಬ್ರೌಸರ್ ತಾನೇ ಉಬ್ಬಿಸುತ್ತದೆ. ‘ಕ್ಷ’ದ ಹೊಟ್ಟೆಯೊಳಗಿನ ಬಿಳಿ ಜಾಗ ಮುಚ್ಚಿಹೋಗಿತ್ತು.

ಫೋನ್ ಬಗ್ಗೆ ಹೇಳೋದು ಕಡಿಮೆ. ಪಿಕ್ಸೆಲ್‌ಗಳು ಅಷ್ಟು ಒತ್ತಾಗಿರುವಾಗ ಯಾವ ವಿಧಾನವಾದರೂ ಒಂದೇ. ಅಲ್ಲಿನ ತೊಂದರೆ ಬೇರೆ: ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡವರ ಫೋನಿನಲ್ಲಿ ನನ್ನ 32 ಪಿಕ್ಸೆಲ್ ಬಟನ್ ಮತ್ತೆ ಸೋತಿತು.

ಹಾಗಾದರೆ ಯಾವುದು ಮೇಲು? ಒತ್ತಾದ ಪಿಕ್ಸೆಲ್ಲಿನ ಪರದೆ ಇದ್ದರೆ ಕಣ್ಣು ಮುಚ್ಚಿ ಮ್ಯಾಕ್. ಸಾಮಾನ್ಯ ಮಾನಿಟರ್, ಚಿಕ್ಕ ಅಕ್ಷರ ಅಂದರೆ ವಿಂಡೋಸ್. ಉಬುಂಟು ಎರಡಕ್ಕೂ ಹತ್ತಿರ ಬರುತ್ತದೆ, ಒಂದು ಸಂಜೆ ಅದರ ಜೊತೆ ಕೂರೋ ತಾಳ್ಮೆ ಇದ್ದರೆ. ಓದುವವರ ಬಳಿ ಏನಿದೆ ಅಂತ ಬರೆಯುವವರಿಗೆ ಗೊತ್ತಿರಲ್ಲ ಅಲ್ವಾ? ಅದಕ್ಕೇ ನಾನು ಕಷ್ಟದ ಪರದೆಯನ್ನೇ ಲೆಕ್ಕಕ್ಕೆ ಇಟ್ಟುಕೊಂಡೆ. ಪ್ಯಾರಾ ಅಕ್ಷರ 18 ಪಿಕ್ಸೆಲ್, ಸಾಲಿನ ಎತ್ತರ ಅದರ 1.7 ಪಟ್ಟು. ಬಟನ್ನಿಗೆ ಎತ್ತರ ಹೇಳೋದನ್ನು ಬಿಟ್ಟು ಒಳಗಿನ ಅಂಚು ಮಾತ್ರ ಕೊಟ್ಟೆ. ಸುಳ್ಳು ದಪ್ಪ, ಸುಳ್ಳು ಓರೆ ಎರಡನ್ನೂ ನಿಲ್ಲಿಸಿದೆ. ವೆಬ್‌ಫಾಂಟ್ ಇಳಿಯುವವರೆಗೆ ಸಿಸ್ಟಮ್ ಫಾಂಟೇ ಕಾಣಲಿ ಅಂತಲೂ ಬಿಟ್ಟೆ. ಖಾಲಿ ಪುಟಕ್ಕಿಂತ ಫಾಂಟ್ ಬದಲಾಗುವ ಆ ಕ್ಷಣದ ಕುಣಿತ ವಾಸಿ.

ಈಗ ನಾಲ್ಕೂ ಕಡೆ ‘ಸಲ್ಲಿಸಿ’ ಅಂತಲೇ ಇದೆ. ಮೇಲೆ ಟ್ಯಾಬ್‌ನ ಹೆಸರು ಮಾತ್ರ ನನ್ನ ಕೈಗೆ ಸಿಗಲಿಲ್ಲ. ವೆಬ್‌ಫಾಂಟ್ ಅಲ್ಲಿಗೆ ತಲುಪುವುದಿಲ್ಲ, ಅದನ್ನು ಬರೆಯೋದು ಸಿಸ್ಟಮ್ ಫಾಂಟ್. ಅದಕ್ಕೆ ಪುಟದ ಹೆಸರನ್ನೇ ಬದಲಿಸಿ ‘ಹೊಸ ಅರ್ಜಿ’ ಅಂತ ಇಟ್ಟೆ. ಅರ್ಕಾವೊತ್ತು ಕೂರೋದು ಪಕ್ಕದಲ್ಲಿ, ಕೆಳಗೆ ಕತ್ತರಿಸೋಕೆ ಏನೂ ಇಲ್ಲ.