ಗಬ್ಬದ ಹಸು ಕೊಳ್ಳುವವರೇ, ರಕ್ತ ಪರೀಕ್ಷೆ ಆಗದೆ ಹಗ್ಗ ಹಿಡಿಯಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ಹಸು ಮಾರುವವರು "ಯಾವ ಕಾಯಿಲೆಯೂ ಇಲ್ಲ" ಅಂದರೆ ನಂಬಬೇಡಿ. ನನಗೆ ಹಸುವಿನ ಜೊತೆ ಬ್ರುಸೆಲ್ಲಾ ಬ್ಯಾಕ್ಟೀರಿಯಾವನ್ನೂ ಮಾರಿದರು. ಹಸು ದಿನ ತುಂಬುವ ಮೊದಲೇ ಕಂದು ಹಾಕುವ, ಅಂದರೆ ಗರ್ಭ ಕಳೆದುಕೊಳ್ಳುವ ಕಂದು ರೋಗ ಅಂತೀವಲ್ಲ, ಅದೇ.

ಹಲ್ಲು, ಕೆಚ್ಚಲು, ನಡಿಗೆ ಎಲ್ಲ ನೋಡಿದ್ದೆ. "ಹಿಂದೆ ಕಂದು ಹಾಕಿತ್ತಾ?" ಅಂತ ಬಾಯಿಬಿಟ್ಟು ಕೇಳಿದ್ದೆ. "ಛೇ, ಅಂಥದ್ದೇನೂ ಇಲ್ಲ ಅಣ್ಣಾ" ಅಂದಿದ್ದ.

ತಂದ ಹಸು ಚೆಂದದ ಕರುವನ್ನೇ ಹಾಕಿತು. ಕಸ (ಕರುವಿನ ಹಿಂದೆ ಬೀಳುವ ಮಾಸು) ಮಾತ್ರ ತಡವಾಗಿ ಬಿತ್ತು. ಎಲ್ಲರೂ ಮಾಡುವ ಹಾಗೆ ಬರಿಗೈಯಲ್ಲೇ ಎತ್ತಿ ಹಾಕಿದೆ. ಆಮೇಲೆ ನಮ್ಮಲ್ಲೇ ಹುಟ್ಟಿ ಬೆಳೆದ ಹಸು ಏಳು ತಿಂಗಳಿಗೆ ಕಂದು ಹಾಕಿತು. ನನಗೂ ಜ್ವರ. ಸಂಜೆ ಏರೋದು, ರಾತ್ರಿ ಬೆವರಿ ಹಾಸಿಗೆಯೆಲ್ಲ ಒದ್ದೆ, ಬೆಳಿಗ್ಗೆ ಏನೂ ಆಗದ ಹಾಗೆ. ಸೊಂಟ ನೋವಿಗೆ ಕೂತರೆ ಏಳೋಕಾಗಲ್ಲ. ಟೈಫಾಯ್ಡ್ ಅಂದರು, ಸುಸ್ತು ಅಂದರು. ಹಸು ಕಂದು ಹಾಕಿದ್ದನ್ನು ಹೇಳಿದ ಮೇಲೇ ಡಾಕ್ಟರ್ ಬ್ರುಸೆಲ್ಲಾ ಪರೀಕ್ಷೆ ಬರೆದದ್ದು.

ಮಾರಿದವನಿಗೆ ಫೋನ್ ಮಾಡಿದೆ. "ನಾನು ಕೊಟ್ಟ ಹಸು ಕರು ಹಾಕಿದೆ ಅಲ್ವಾ? ನಿಮ್ಮ ಹಸು ಕಂದು ಹಾಕಿದ್ರೆ ನಾನೇನು ಮಾಡ್ಲಿ?" ನನ್ನ ಜ್ವರದ ಮಾತೆತ್ತಿದರೆ ನಕ್ಕ. "ಇದೆಲ್ಲ ಹೊಸ ರೋಗ ಅಣ್ಣಾ, ನಮಗೇನು ಗೊತ್ತು?" 1887ರಲ್ಲೇ ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಅನ್ನೋ ಬ್ರಿಟಿಷ್ ಸೇನಾ ವೈದ್ಯ ಈ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ್ದು. ಇವನಿಗೆ ಮಾತ್ರ ಹೊಸದು!

ಮಾತಿನ ಭರದಲ್ಲಿ ಅವನೇ ಬಾಯಿಬಿಟ್ಟ: "ನಮ್ಮಲ್ಲಿ ಒಂದೇ ಸಲ ಕಂದು ಹಾಕಿದ್ದು. ಈಗ ಸರಿಹೋಗಿದೆಯಲ್ಲ!"

ಒಂದೇ ಸಲವಂತೆ. ಸರಿಹೋಗಿದೆಯಂತೆ! ಮೈಯೆಲ್ಲ ಉರಿದುಹೋಯಿತು. ಈ ರೋಗದ ಮೋಸವೇ ಅದು. ಎಷ್ಟೋ ಹಸುಗಳು ಒಂದು ಸಲ ಕಂದು ಹಾಕಿ, ಮುಂದಿನ ಸಲ ಸರಿಯಾಗಿಯೇ ಕರು ಹಾಕುತ್ತವೆ. ಆದರೂ ಕಸದಲ್ಲಿ, ಹಾಲಿನಲ್ಲಿ ಬ್ಯಾಕ್ಟೀರಿಯಾ ಬರುತ್ತಲೇ ಇರುತ್ತದೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಗಬ್ಬ ತೋರಿಸಿ ದಾಟಿಸಿದ.

ಈಗ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡೂ 6 ವಾರ ನುಂಗಬೇಕು. ಈ ಬ್ಯಾಕ್ಟೀರಿಯಾ ಜೀವಕೋಶದೊಳಗೇ ಅಡಗಿ ಕೂರುತ್ತದೆ, ಮಾತ್ರೆ ಮಧ್ಯೆ ಬಿಟ್ಟರೆ ರೋಗ ಮತ್ತೆ ಬರಬಹುದು. ಕೊಟ್ಟಿಗೆ ಕಡೆ ಬಂದವರೆಲ್ಲ "ನೋಡಿ ತಗೋಬಾರದಿತ್ತಾ?" ಅಂತಾರೆ. ಕಣ್ಣಿಗೆ ಕಾಣೋದಾದರೆ ತಾನೇ ನೋಡೋದು?

ರೋಸ್ ಬೆಂಗಾಲ್ ರಕ್ತ ಪರೀಕ್ಷೆ ಮಾಡಿಸಿ. ಬೇಡ ಅನ್ನುವವನ ಹಸು ಬೇಡವೇ ಬೇಡ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕಿಸಿ. ಕೈಗವಸಿಲ್ಲದೆ ಕಸ ಮುಟ್ಟಬೇಡಿ, ಹಸಿ ಹಾಲು ಕುಡಿಯಬೇಡಿ.

ಕೊನೆಯ ಸಲ ಫೋನ್ ಮಾಡಿದಾಗ ಮೆತ್ತಗಾಗಿ, "ಬೇಜಾರಾಗಬೇಡಿ ಅಣ್ಣಾ, ಬದಲಿಗೆ ಇನ್ನೊಂದು ಹಸು ಕೊಡ್ತೀನಿ" ಅಂದ. ಯಾವುದು ಅಂತ ಕೇಳಿದೆ. ಅದರ ಪಕ್ಕದಲ್ಲೇ ಕಟ್ಟುತ್ತಿದ್ದದ್ದಂತೆ.