ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್: ಆಟಗಾರನನ್ನು ಮಾರುಕಟ್ಟೆಗೆ ಬಿಡೋದಾ, ನೇರವಾಗಿ ಕೇಳೋದಾ?

ಇದು ನೀವೇ ಒಂದು ಬೇಸ್‌ಬಾಲ್ ತಂಡ ನಡೆಸುವ ಕಂಪ್ಯೂಟರ್ ಆಟ. ಕಂಪ್ಯೂಟರ್ ನಡೆಸುವ ತಂಡಗಳ ಜೊತೆ ಟ್ರೇಡ್, ಅಂದರೆ ಆಟಗಾರರ ಅದಲುಬದಲು, ಮಾಡೋಕೆ ಇದರಲ್ಲಿ ಮುಖ್ಯವಾಗಿ ಎರಡು ದಾರಿ.

ಒಂದು, ‘ಶಾಪ್ ಪ್ಲೇಯರ್’. ನಿಮ್ಮ ಆಟಗಾರನನ್ನು ಎಲ್ಲ ತಂಡಗಳ ಮುಂದೆ ಇಡುತ್ತೀರಿ, ಯಾರು ಏನು ಕೊಡುತ್ತಾರೆ ಅಂತ ಪಟ್ಟಿ ಬರುತ್ತದೆ. ಅವನ ಬೆಲೆ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಇದೇ ಸರಿ. ಆದರೆ ಮೊದಲ ಆಫರ್‌ಗೇ ಹೂಂ ಅನ್ನಬೇಡಿ. ಅದನ್ನು ಚೌಕಾಸಿಗೆ ಆರಂಭ ಅಂತಷ್ಟೇ ನೋಡಿ.

ಇನ್ನೊಂದು, ನಿಮಗೆ ಬೇಕಾದವನನ್ನೇ ಹಿಡಿದು ಅವನ ತಂಡವನ್ನು ಕೇಳುವುದು. ನಿಮಗೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಬೇಕು ಅಂದುಕೊಳ್ಳಿ. ಮೊದಲು ಸಾಧಾರಣ ಆಟಗಾರನೊಬ್ಬನನ್ನು ಮುಂದಿಡಿ. ಒಪ್ಪದಿದ್ದರೆ, ಇನ್ನೇನು ಸೇರಿಸಿದರೆ ಆಗುತ್ತದೆ ಅಂತ ಆ ತಂಡವನ್ನೇ ಕೇಳಬಹುದು. ಅವರು ನಿಮ್ಮ ಒಳ್ಳೆಯ ಪ್ರಾಸ್ಪೆಕ್ಟ್ (ಮುಂದೆ ಬೆಳೆಯಬಲ್ಲ ಯುವ ಆಟಗಾರ) ಹೆಸರು ಹೇಳಿದರೆ ಅವನನ್ನು ತೆಗೆದು, ಅವನಿಗಿಂತ ಒಂದು ಮೆಟ್ಟಿಲು ಕೆಳಗಿನವನನ್ನು ಇಟ್ಟು ನೋಡಿ. ದುಬಾರಿ ಸಂಬಳದ ಹಿರಿಯ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) ಸಾಗಿಸಬೇಕಾದರೆ ಸಂಬಳದ ಒಂದು ಪಾಲನ್ನು ನೀವೇ ಕೊಡಲು ಒಪ್ಪಿಕೊಳ್ಳಿ. ಬಾಗಿಲು ಬೇಗ ತೆರೆಯುತ್ತದೆ.

ಕಳಪೆ ಆಟಗಾರರನ್ನು ಗುಡ್ಡೆ ಹಾಕಿ ಒಬ್ಬ ಸ್ಟಾರ್‌ನನ್ನು ಕೇಳುವುದು ಎರಡೂ ದಾರಿಯಲ್ಲಿ ಸುಮ್ನೆ ಸಮಯ ಹಾಳು.

ನನ್ನ ಆಯ್ಕೆ ಎರಡನೆಯದು. ಕೆಲಸ ಜಾಸ್ತಿ, ಆದರೆ ತಂಡ ಕಟ್ಟುವ ಖುಷಿ ಇರೋದೇ ಅಲ್ಲಿ ಅಲ್ವಾ? ಹೊಸಬರು ಶಾಪ್‌ನಿಂದಲೇ ಶುರು ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಟ್ರೇಡ್ ಕಷ್ಟವನ್ನು ‘ಹಾರ್ಡ್’ಗೆ ಏರಿಸಿ.